ಯಾರ ಜೊತೆ ಕೂತು ಉಂಡರು: ಬೈಬಲಿನ ಊಟದ ಪ್ರಸಂಗಗಳನ್ನು ಕನ್ನಡಕ್ಕೆ ತರುವಾಗ

ಪ್ರಶ್ನೆ: ನಾನು ಶಿರಸಿಯಲ್ಲಿ ಕನ್ನಡ ಕಲಿಸುವವಳು. ಹೊನ್ನಾವರದ ಗೆಳತಿಯೊಬ್ಬರ ಒತ್ತಾಸೆಯಿಂದ, ಬೈಬಲಿನಲ್ಲಿ ಜನ ಒಟ್ಟಿಗೆ ಕೂತು ಉಣ್ಣುವ ಕೆಲವು ಪ್ರಸಂಗಗಳನ್ನು ಸರಳ ಕನ್ನಡಕ್ಕೆ ತರುವ ಕೆಲಸ ಕೈಗೆತ್ತಿಕೊಂಡಿದ್ದೇನೆ. ಓದುವವರಲ್ಲಿ ಕ್ರೈಸ್ತರೂ ಇದ್ದಾರೆ, ಬೈಬಲನ್ನು ಎಂದೂ ತೆರೆದು ನೋಡದವರೂ ಇದ್ದಾರೆ. ರೊಟ್ಟಿ ಎಂದು ಬರೆಯುವುದೋ ಅನ್ನ ಎಂದು ಬರೆಯುವುದೋ ಎಂಬಲ್ಲಿಂದಲೇ ಗೊಂದಲ ಶುರುವಾಗುತ್ತದೆ. ಒಂದೇ ಬಟ್ಟಲಿಗೆ ಎಲ್ಲರೂ ಕೈ ಅದ್ದುವುದನ್ನು ಓದಿ ನಮ್ಮ ಮನೆಯ ಹಿರಿಯರು ‘ಇದು ಎಂಜಲಲ್ಲವೇ’ ಎಂದರು. ಇಂಥದನ್ನು ಓದುಗರಿಗೆ ಹಿತವಾಗುವಂತೆ ತಿದ್ದಬಹುದೇ? ಕೊಬ್ಬಿಸಿದ ಕರು, ದ್ರಾಕ್ಷಾರಸ, ಮೇಜು ಇವುಗಳನ್ನೆಲ್ಲ ಏನು ಮಾಡಲಿ?

ಉತ್ತರ: ನಿಮ್ಮ ಪ್ರಶ್ನೆಯ ನಡುವಿನ ಭಾಗಕ್ಕೆ ಮೊದಲು ಉತ್ತರ ಕೊಡುತ್ತೇನೆ, ಏಕೆಂದರೆ ಉಳಿದದ್ದೆಲ್ಲ ಅದನ್ನೇ ಅವಲಂಬಿಸಿದೆ. ಎಂಜಲು ಎನಿಸುವುದನ್ನು ಹಾಗೆ ಎನಿಸದಂತೆ ತಿದ್ದಬಾರದು. ಬೈಬಲಿನ ಊಟದ ಪ್ರಸಂಗಗಳಲ್ಲಿ ಬಹಳಷ್ಟು ಹುಟ್ಟಿಕೊಂಡದ್ದೇ ಯಾರು ಯಾರ ಜೊತೆ ಕೂತು ಉಂಡರು ಎಂಬ ತಕರಾರಿನಿಂದ. ಲೂಕನ ಸುವಾರ್ತೆಯ 15ನೆಯ ಅಧ್ಯಾಯದ ಆರಂಭದಲ್ಲಿ ಯೇಸುವಿನ ಮೇಲೆ ಬರುವ ದೂರು, ಈತ ಪಾಪಿಗಳನ್ನು ಸೇರಿಸಿಕೊಂಡು ಅವರ ಜೊತೆ ಊಟ ಮಾಡುತ್ತಾನೆ ಎಂಬುದು. ಅಪೊಸ್ತಲರ ಕೃತ್ಯಗಳು 11:3ರಲ್ಲಿ ಜೆರೂಸಲೇಮಿನವರು ಯೇಸುವಿನ ಶಿಷ್ಯ ಪೇತ್ರನನ್ನು ತರಾಟೆಗೆ ತೆಗೆದುಕೊಳ್ಳುವಾಗ, ಆತ ರೋಮನ್ ಶತಾಧಿಪತಿ ಕೊರ್ನೇಲ್ಯನಿಗೆ ಬೋಧಿಸಿದ ವಿಷಯವನ್ನೇ ಎತ್ತುವುದಿಲ್ಲ. ಸುನ್ನತಿಯಾಗದವರ ಮನೆಯೊಳಗೆ ಹೋದೆ, ಅವರ ಜೊತೆ ಉಂಡೆ ಎಂದು ಕೇಳುತ್ತಾರೆ. ಇಂದಿನ ಲಂಡನ್ನಿನಲ್ಲೋ ಬರ್ಲಿನ್ನಿನಲ್ಲೋ ಇದನ್ನು ಓದುವವರಿಗೆ, ಇನ್ನೊಬ್ಬರ ಮನೆಯಲ್ಲಿ ಉಂಡರೆ ಅದರಲ್ಲಿ ತಪ್ಪೇನು ಎಂದು ಅಡಿಟಿಪ್ಪಣಿ ಬರೆದು ತಿಳಿಸಬೇಕಾಗುತ್ತದೆ. ನಮ್ಮ ಜಿಲ್ಲೆಯಲ್ಲಿ ಬೆಳೆದವರಿಗೆ ಆ ಟಿಪ್ಪಣಿ ಬೇಡ. ‘ಅವರ ಮನೆಯಲ್ಲಿ ಉಂಡನಂತೆ’ ಎಂಬ ಒಂದು ಮಾತು ಊರಲ್ಲಿ ಎಲ್ಲಿಯವರೆಗೆ ಹೋಗಬಲ್ಲದು ಎಂಬುದು ಅಜ್ಜ ಅಜ್ಜಿಯರ ಕಾಲದ ನೆನಪು ಉಳಿದಿರುವ ಯಾವ ಮನೆಯವರಿಗಾದರೂ ಗೊತ್ತು. ನಿಮ್ಮ ಮನೆಯ ಹಿರಿಯರು ‘ಎಂಜಲಲ್ಲವೇ’ ಎಂದಾಗ ಅವರು ಆ ಭಾಗವನ್ನು ಬಹಳ ಸರಿಯಾಗಿ ಓದಿದ್ದರು. ಆ ಮುಜುಗರವನ್ನು ಅಳಿಸಿಹಾಕಿದರೆ ಕಥೆಯ ಜೀವವೇ ಹೋಗುತ್ತದೆ.

ಒಂದೇ ಬಟ್ಟಲಿನ ಪ್ರಸಂಗವನ್ನೇ ನೋಡೋಣ. ಮಾರ್ಕ 14:20ರಲ್ಲಿ ಯೇಸು ತನ್ನನ್ನು ಹಿಡಿದುಕೊಡುವವನು ತನ್ನ ಜೊತೆ ಅದೇ ಬಟ್ಟಲಿಗೆ ಅದ್ದುವವನೇ ಎನ್ನುತ್ತಾನೆ. ಯೋಹಾನ 13:26ರಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ, ತುತ್ತನ್ನು ಅದ್ದಿ ಇಸ್ಕರಿಯೋತ ಯೂದನಿಗೆ ಕೊಡುತ್ತಾನೆ. ಇದನ್ನು ಗುಟ್ಟಾಗಿ ಬೆರಳು ತೋರಿಸಿದಂತೆ ಅನುವಾದಿಸುವ ಅಭ್ಯಾಸ ಅನೇಕರಿಗಿದೆ. ಆದರೆ ಕೆಲವೇ ವಾಕ್ಯಗಳ ಆಚೆ, ಹಬ್ಬಕ್ಕೆ ಬೇಕಾದ ಸಾಮಾನು ತರಲು ಯೂದನನ್ನು ಕಳಿಸಿರಬೇಕೆಂದು ಅಲ್ಲಿದ್ದ ಕೆಲವರು ಎಣಿಸಿದರು ಎಂದಿದೆ. ಹಾಗೆ ಎಣಿಸಿದರೆಂದರೆ ಆ ತುತ್ತು ಅವರ ಕಣ್ಣಿಗೆ ಆರೋಪದಂತೆ ಕಂಡಿರಲಿಲ್ಲ, ಆತ್ಮೀಯತೆಯಂತೆ ಕಂಡಿತ್ತು. ಊಟಕ್ಕೆ ಕರೆದವನು ತನ್ನ ಕೈಯಾರೆ ತುತ್ತು ಕೊಡುವುದು ಆ ಸೀಮೆಯಲ್ಲಿ ಅತಿಥಿಗೆ ಸಲ್ಲುವ ಮರ್ಯಾದೆಯಾಗಿತ್ತು. ಹೀಗಾಗಿ ‘ರೊಟ್ಟಿಯ ತುಂಡನ್ನು ಅದ್ದಿ ಯೂದನಿಗೆ ಕೊಟ್ಟನು’ ಎನ್ನುವುದಕ್ಕಿಂತ ‘ತುತ್ತನ್ನು ಅದ್ದಿ ತನ್ನ ಕೈಯಾರೆ ಯೂದನಿಗೆ ಕೊಟ್ಟನು’ ಎಂಬುದು ಸತ್ಯಕ್ಕೆ ಹೆಚ್ಚು ಹತ್ತಿರ. ಕೈತುತ್ತು ಎಂಬುದು ಕನ್ನಡದಲ್ಲಿ ಎಷ್ಟು ಪ್ರೀತಿಯ ಮಾತು ಎಂದು ಹೇಳಬೇಕಾಗಿಲ್ಲ. ಹಿಂದಿನ ವಾಕ್ಯಗಳಲ್ಲಿ ಯೇಸು 41ನೆಯ ಕೀರ್ತನೆಯ ಸಾಲನ್ನು ನೆನೆದು, ನನ್ನ ಅನ್ನ ಉಂಡವನೇ ನನಗೆ ಕಾಲೆತ್ತಿದನು ಎನ್ನುವುದೂ ಇದೇ ಸಂದರ್ಭದಲ್ಲಿ. ಉಂಡ ಮನೆಗೆ ಎರಡು ಬಗೆಯುವುದು ಎಂಬ ನಮ್ಮ ಮಾತಿನ ಭಾರವೆಲ್ಲ ಇಲ್ಲಿದೆ. ಆ ನುಡಿಗಟ್ಟನ್ನು ಮೂಲಪಾಠದೊಳಕ್ಕೆ ತರಬೇಡಿ, ಏಕೆಂದರೆ ಕೀರ್ತನೆಯ ಕಾಲೆತ್ತುವ ಚಿತ್ರ ಕಳೆದುಹೋಗುತ್ತದೆ. ಟಿಪ್ಪಣಿಯಲ್ಲಿ ಅವಶ್ಯವಾಗಿ ಬಳಸಿ.

ಎಂಜಲು ಎಂಬುದು ಕನ್ನಡದಲ್ಲಿ ಬರಿಯ ಹೇವರಿಕೆಯ ಪದವಲ್ಲ ಎಂಬುದನ್ನೂ ಮರೆಯಬಾರದು. ಶಬರಿ ರುಚಿ ನೋಡಿ ಕೊಟ್ಟ ಹಣ್ಣಿನ ಕಥೆಯನ್ನು ಕೇಳಿ ಬೆಳೆದವರಿಗೆ, ಎಂಜಲು ಎಲ್ಲಿ ಎಣಿಕೆಗೆ ಬರುವುದಿಲ್ಲವೋ ಅಲ್ಲಿ ಪ್ರೀತಿ ಇದೆ ಎಂದು ಗೊತ್ತು. ಯೋಹಾನನ 4ನೆಯ ಅಧ್ಯಾಯದಲ್ಲಿ ಯೇಸು ಸಮಾರ್ಯದ ಹೆಂಗಸಿನ ಬಳಿ ಕುಡಿಯಲು ನೀರು ಕೇಳುವ ಭಾಗವನ್ನು ಈ ದೃಷ್ಟಿಯಿಂದ ಓದಿ ನೋಡಿ. ಅಲ್ಲಿನ 9ನೆಯ ವಾಕ್ಯವನ್ನು ‘ಯೆಹೂದ್ಯರಿಗೂ ಸಮಾರ್ಯರಿಗೂ ಹೊಕ್ಕುಬಳಕೆ ಇಲ್ಲ’ ಎಂಬ ಅರ್ಥದಲ್ಲಿ ಬರೆಯುವುದು ವಾಡಿಕೆ. ಡೇವಿಡ್ ಡಾಬ್ ಎಂಬ ವಿದ್ವಾಂಸರು 1950ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಆ ಗ್ರೀಕ್ ಕ್ರಿಯಾಪದಕ್ಕೆ ಒಂದೇ ಪಾತ್ರೆಯನ್ನು ಇಬ್ಬರೂ ಬಳಸುವುದಿಲ್ಲ ಎಂಬ ಅರ್ಥ ಹೊಂದುತ್ತದೆ ಎಂದು ವಾದಿಸಿದರು. ಎಲ್ಲರೂ ಇದನ್ನು ಒಪ್ಪಿಲ್ಲವಾದರೂ ನನಗೆ ಇದೇ ಸರಿ ಎನಿಸುತ್ತದೆ. ಬಾವಿ ಆಳವಾಗಿದೆ, ಸೇದುವುದಕ್ಕೆ ನಿನ್ನಲ್ಲಿ ಏನೂ ಇಲ್ಲ ಎಂದು ಆಕೆಯೇ ಮುಂದೆ ಹೇಳುವುದರಿಂದ, ಆತ ಕುಡಿಯುವುದಾದರೆ ಆಕೆಯ ಪಾತ್ರೆಯಿಂದಲೇ ಕುಡಿಯಬೇಕು. ಬಾವಿಕಟ್ಟೆಯಲ್ಲಿ ದೂರ ನಿಲ್ಲಿಸಿ, ಬೊಗಸೆಗೆ ಮೇಲಿನಿಂದ ನೀರು ಹೊಯ್ಯುತ್ತಿದ್ದ ಕಾಲವನ್ನು ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರಿಗೆ ಈ ಭಾಗ ಎಷ್ಟು ಆಳಕ್ಕೆ ಇಳಿಯುತ್ತದೆಂದು ಯೋಚಿಸಿ. ‘ಸಮಾರ್ಯರು ಮುಟ್ಟಿದ ಪಾತ್ರೆಯಿಂದ ಯೆಹೂದ್ಯರು ಕುಡಿಯುತ್ತಿರಲಿಲ್ಲ’ ಎಂದು ಧೈರ್ಯವಾಗಿ ಬರೆಯಿರಿ, ಇನ್ನೊಂದು ಅರ್ಥವನ್ನು ಕೆಳಗೆ ಕೊಡಿ.

ಎಂಜಲು ಎಂಬ ಮಾತನ್ನು ತರಲೇಬಾರದ ಜಾಗಗಳೂ ಇವೆ. ರೂತಳ ಕಥೆಯಲ್ಲಿ, ಮೋವಾಬಿನಿಂದ ಬಂದ ಪರದೇಶದ ವಿಧವೆಯನ್ನು ಬೋವಜನು ಊಟದ ಹೊತ್ತಿಗೆ ಹತ್ತಿರ ಕರೆದು, ಕೊಯ್ಲಿನವರ ಪಕ್ಕದಲ್ಲಿ ಕೂರಿಸಿ, ನಿನ್ನ ತುತ್ತನ್ನು ಹುಳಿರಸದಲ್ಲಿ ಅದ್ದಿಕೋ ಎಂದು ಹೇಳಿ, ತಾನೇ ಹುರಿದ ಕಾಳನ್ನು ಎತ್ತಿ ಕೊಡುತ್ತಾನೆ. ಆಕೆ ಹೊಟ್ಟೆತುಂಬ ಉಂಡು ಉಳಿದದ್ದನ್ನು ಅತ್ತೆ ನವೊಮಿಗೆ ಒಯ್ಯುತ್ತಾಳೆ. ಆ ಉಳಿದದ್ದು ಎಂಜಲಲ್ಲ, ತೆಗೆದಿಟ್ಟದ್ದು. ‘ತೆಗೆದಿಟ್ಟುಕೊಂಡಳು’ ಎಂಬ ಕ್ರಿಯಾಪದವೇ ಸಾಕು, ಮನೆಯಲ್ಲಿ ಕಾಯುತ್ತಿರುವವರ ನೆನಪು ಅದರೊಳಗೇ ಬರುತ್ತದೆ.

ಇದಕ್ಕಿಂತ ಸೂಕ್ಷ್ಮವಾದದ್ದು ಮಾರ್ಕನ 7ನೆಯ ಅಧ್ಯಾಯ. ತೂರ್ ಪ್ರಾಂತದ, ಯೆಹೂದ್ಯಳಲ್ಲದ ಹೆಂಗಸೊಬ್ಬಳು ಮಗಳನ್ನು ವಾಸಿಮಾಡಬೇಕೆಂದು ಬೇಡಿಕೊಂಡಾಗ ಯೇಸು, ಮಕ್ಕಳ ರೊಟ್ಟಿಯನ್ನು ತೆಗೆದು ನಾಯಿಮರಿಗಳಿಗೆ ಹಾಕುವುದು ಸರಿಯಲ್ಲ ಎನ್ನುತ್ತಾನೆ. ಮೇಜಿನ ಕೆಳಗಿರುವ ನಾಯಿಮರಿಗಳೂ ಮಕ್ಕಳು ಉದುರಿಸಿದ ಚೂರುಗಳನ್ನು ತಿನ್ನುತ್ತವಲ್ಲ ಎಂದು ಆಕೆ ಮರುನುಡಿಯುತ್ತಾಳೆ. ಇಲ್ಲಿ ಕನ್ನಡ ಬರೆಯುವ ಕೈಗೆ ‘ಎಂಜಲೆಲೆ’ ಎಂಬ ಪದ ತಾನಾಗಿ ಬಂದುಬಿಡುತ್ತದೆ. ನಮ್ಮ ಕಡೆ ಊಟ ಮುಗಿದ ಮೇಲೆ ಎಲೆಯನ್ನು ಮಡಚಿ ಅಂಗಳದಾಚೆ ಒಯ್ದು ಹಾಕುತ್ತಾರೆ, ನಾಯಿಗಳು ಅಲ್ಲಿ ಸೇರುತ್ತವೆ. ಆ ಪದ ಬಳಸಿದರೆ ನಾಯಿ ಮನೆಯ ಹೊರಗೆ ಹೋಗುತ್ತದೆ, ಅದರ ಸರದಿಯೂ ಎಲ್ಲರದ್ದೂ ಆದ ಮೇಲೆ ಎಂದಾಗುತ್ತದೆ. ಆದರೆ ಆ ಹೆಂಗಸಿನ ವಾದ ನಿಂತಿರುವುದೇ, ನಾಯಿಮರಿಗಳು ಮನೆಯೊಳಗಿವೆ, ಮಕ್ಕಳು ಉಣ್ಣುತ್ತಿರುವ ಹೊತ್ತಿನಲ್ಲೇ ಅವರ ಕಾಲಬುಡದಲ್ಲಿ ತಿನ್ನುತ್ತಿವೆ ಎಂಬುದರ ಮೇಲೆ. ಮೇಜು ಬೇಡವೆನಿಸಿದರೆ ‘ಮಕ್ಕಳು ಉಣ್ಣುವಾಗ ಪಕ್ಕದಲ್ಲೇ ಸುಳಿಯುವ ಮನೆಯ ನಾಯಿಮರಿಗಳೂ ಅವರ ಕೈಯಿಂದ ಉದುರಿದ ಚೂರು ತಿನ್ನುತ್ತವೆ’ ಎಂದು ಬರೆಯಬಹುದು. ಈ ಒಂದು ವಾಕ್ಯಕ್ಕೆ ಎಷ್ಟು ಹೊತ್ತು ಹಿಡಿದರೂ ಚಿಂತೆಯಿಲ್ಲ, ಏಕೆಂದರೆ ಸುವಾರ್ತೆಗಳಲ್ಲಿ ಯೇಸುವಿನ ಮಾತಿಗೆ ಎದುರು ಮಾತಾಡಿ ಗೆದ್ದವರು ಬಹಳ ಕಡಿಮೆ.

ಇನ್ನು ಪಂಕ್ತಿಯ ವಿಷಯ. ಗಲಾತ್ಯದವರಿಗೆ ಬರೆದ ಪತ್ರದ 2ನೆಯ ಅಧ್ಯಾಯದಲ್ಲಿ, ಅಂತಿಯೋಕ್ಯದಲ್ಲಿ ಪೇತ್ರನು ಯೆಹೂದ್ಯರಲ್ಲದ ಅನ್ಯಜನರ ಜೊತೆ ಊಟ ಮಾಡುತ್ತಿದ್ದವನು, ಜೆರೂಸಲೇಮಿನ ಸಭೆಯ ಮುಖಂಡ ಯಾಕೋಬನ ಕಡೆಯಿಂದ ಕೆಲವರು ಬಂದ ಮೇಲೆ ಅವರಿಗೆ ಹೆದರಿ ಹಿಂದೆ ಸರಿದನೆಂದೂ, ಪತ್ರ ಬರೆದ ಪೌಲನು ಎಲ್ಲರೆದುರಿಗೆ ಅವನನ್ನು ಖಂಡಿಸಿದನೆಂದೂ ಇದೆ. ಕನ್ನಡದಲ್ಲಿ ಇದಕ್ಕೆ ಪಂಕ್ತಿಭೇದ ಎಂಬ ಸಿದ್ಧ ಪದವಿದೆ, ಸಹಪಂಕ್ತಿ ಭೋಜನ ಎಂಬ ಅದರ ಎದುರು ಪದವೂ ಇದೆ. ಎರಡನ್ನೂ ಮೂಲಪಾಠದಲ್ಲಿ ಬಳಸಬೇಡಿ ಎಂಬುದು ನನ್ನ ಸಲಹೆ. ಅಂತಿಯೋಕ್ಯದಲ್ಲಿ ಎದ್ದದ್ದು ಮೋಶೆಯ ಧರ್ಮಶಾಸ್ತ್ರವನ್ನು ಪಾಲಿಸುವ ಯೆಹೂದ್ಯರಿಗೂ ಪಾಲಿಸದ ಅನ್ಯಜನರಿಗೂ ನಡುವಿನ ಪ್ರಶ್ನೆ. ಪಂಕ್ತಿಭೇದ ಎಂದಕೂಡಲೇ ನಮ್ಮ ಜಾತಿಯ ಮೇಲುಕೀಳಿನ ಇಡೀ ಏಣಿ ಕಣ್ಣಮುಂದೆ ಬಂದು, ಮೊದಲನೆಯ ಶತಮಾನದ ಸಿರಿಯಾ ಮರೆಯಾಗುತ್ತದೆ. ಓದುಗ ತಾನಾಗಿ ಆ ಸಂಬಂಧವನ್ನು ಕಟ್ಟಿಕೊಳ್ಳಲಿ, ಅದಕ್ಕೆ ಅಡ್ಡಿಯಿಲ್ಲ, ಕಟ್ಟಿಕೊಳ್ಳಬೇಕು ಕೂಡ. ನೀವು ಗಮನ ಕೊಡಬೇಕಾದದ್ದು ಕ್ರಿಯಾಪದಗಳ ಕಾಲದ ಕಡೆಗೆ. ಗ್ರೀಕಿನಲ್ಲಿ ಉಣ್ಣುತ್ತಿದ್ದನು, ಹಿಂದೆ ಸರಿಯುತ್ತಿದ್ದನು, ಬೇರೆಯಾಗುತ್ತಿದ್ದನು ಎಂಬಂತೆ, ಒಂದೇ ದಿನದ ಘಟನೆಯಲ್ಲ, ನಡೆದುಬರುತ್ತಿದ್ದ ರೂಢಿ ಮತ್ತು ನಿಧಾನವಾದ ಜಾರುವಿಕೆ ಕಾಣುತ್ತದೆ. ‘ಜೊತೆಗೆ ಕೂತು ಉಣ್ಣುತ್ತಿದ್ದವನು, ಇವರು ಬಂದ ಮೇಲೆ ಮೆಲ್ಲಮೆಲ್ಲನೆ ಹಿಂದೆ ಸರಿದು ಬೇರೆ ಕೂರತೊಡಗಿದನು’ ಎಂದು ಬರೆದರೆ, ನೆಂಟರೆದುರಿಗೆ ನಡೆ ಬದಲಿಸಿದವರನ್ನು ಕಂಡ ಯಾರಿಗಾದರೂ ಪೇತ್ರನ ಮುಖ ಕಾಣಿಸುತ್ತದೆ.

ಪಂಕ್ತಿ ಎಂಬ ಪದವನ್ನು ಸಂತೋಷದಿಂದ ಬಳಸಬಹುದಾದ ಜಾಗವೂ ಒಂದಿದೆ. ಮಾರ್ಕ 6:40ರಲ್ಲಿ ಐದು ಸಾವಿರ ಗಂಡಸರು ಹಸಿರು ಹುಲ್ಲಿನ ಮೇಲೆ ನೂರು ನೂರು, ಐವತ್ತು ಐವತ್ತು ಜನರಾಗಿ ಕೂರುತ್ತಾರೆ. ಯಾರು ಯಾವ ಕುಲ, ಯಾರ ಪಕ್ಕ ಯಾರು ಎಂದು ಯಾರೂ ಕೇಳುವುದಿಲ್ಲ. ‘ಪಂಕ್ತಿ ಪಂಕ್ತಿಯಾಗಿ ಕೂತರು’ ಎಂಬ ಮೂರು ಪದಗಳು ನಮ್ಮ ಓದುಗರಿಗೆ ಆ ಬಯಲಿನಲ್ಲಿ ನಡೆದದ್ದು ಎಂಥದ್ದು ಎಂಬುದನ್ನು ತಿಳಿಸಿಬಿಡುತ್ತವೆ.

ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 11ನೆಯ ಅಧ್ಯಾಯ ನಿಮ್ಮ ಪಟ್ಟಿಯಲ್ಲಿ ಇಲ್ಲದಿದ್ದರೆ ದಯವಿಟ್ಟು ಸೇರಿಸಿ. ಯೇಸುವಿನ ಕೊನೆಯ ರಾತ್ರಿಯ ಊಟವನ್ನು ನೆನೆದು ಒಟ್ಟಿಗೆ ಉಣ್ಣುವ ಕರ್ತನ ಭೋಜನಕ್ಕೆಂದು ಸೇರಿದ ಸಭೆಯಲ್ಲಿ ಒಬ್ಬ ಹಸಿದಿರುತ್ತಾನೆ, ಇನ್ನೊಬ್ಬನಿಗೆ ಅಮಲೇರಿರುತ್ತದೆ, ಹೀಗೆ ಮಾಡಿ ಇಲ್ಲದವರನ್ನು ನಾಚಿಕೆಗೆ ಗುರಿಮಾಡುತ್ತೀರಾ ಎಂದು ಪೌಲನು ಸಿಟ್ಟಾಗುತ್ತಾನೆ. ರೋಮನ್ ಮನೆಗಳ ಊಟದ ಕೋಣೆಯಲ್ಲಿ ಮೂರು ಮಂಚ, ಸಾಮಾನ್ಯವಾಗಿ ಒಂಬತ್ತು ಜನರಿಗೆ ಸ್ಥಳ. ಉಳಿದವರಿಗೆ ಹೊರಗಿನ ಅಂಗಳವೇ ಗತಿ. ಬಿಡುವುಳ್ಳ ಉಳ್ಳವರು ಮೊದಲು ಬಂದು ಒಳಗೆ ಒರಗಿ ಉಂಡು ಮುಗಿಸುತ್ತಿದ್ದರು, ಕೂಲಿಯವರು ಮತ್ತು ದಾಸರು ಕೆಲಸ ಮುಗಿಸಿ ಬರುವ ಹೊತ್ತಿಗೆ ಏನೂ ಉಳಿದಿರುತ್ತಿರಲಿಲ್ಲ ಎಂಬುದು ಅನೇಕ ವಿದ್ವಾಂಸರು ಕೊಡುವ ವಿವರಣೆ. ಇದನ್ನು ತಿಳಿಯಲು ನಮಗೆ ಕೊರಿಂಥಕ್ಕೆ ಹೋಗಬೇಕಾಗಿಲ್ಲ. ದೊಡ್ಡ ಊಟವೊಂದರಲ್ಲಿ ಮೊದಲ ಪಂಕ್ತಿಗೆ ಯಾರು ಕೂರುತ್ತಾರೆ, ಪಾಯಸ ತೀರಿ ಸಾರೂ ತೆಳ್ಳಗಾದ ಮೇಲಿನ ಕೊನೆಯ ಪಂಕ್ತಿಗೆ ಯಾರು ಉಳಿಯುತ್ತಾರೆ ಎಂಬುದನ್ನು ನೋಡಿದವರಿಗೆ ಪೌಲನ ಸಿಟ್ಟು ತಕ್ಷಣ ಅರ್ಥವಾಗುತ್ತದೆ. ಅದೇ ರೀತಿ, ಕೊನೆಯ ಎಲೆಗೆ ಬಡಿಸಿ ಆಗುವ ತನಕ ಮೊದಲ ಎಲೆಯವರು ಅನ್ನಕ್ಕೆ ಕೈ ಹಾಕದೆ ಕೂತಿರುವುದು, ಎಲ್ಲರದ್ದೂ ಆಗುವ ಮುಂಚೆ ಒಬ್ಬರೇ ಎದ್ದು ಹೋಗದಿರುವುದು ನಮ್ಮಲ್ಲಿ ಇನ್ನೂ ಜೀವಂತವಾಗಿರುವ ಶಿಷ್ಟಾಚಾರ. 33ನೆಯ ವಾಕ್ಯದ ಆಜ್ಞೆಯನ್ನು ಒಬ್ಬರಿಗೊಬ್ಬರು ಕಾದುಕೊಳ್ಳಿರಿ ಎಂದೂ, ಒಬ್ಬರನ್ನೊಬ್ಬರು ಬರಮಾಡಿಕೊಳ್ಳಿರಿ ಎಂದೂ ಅರ್ಥೈಸಬಹುದು. ‘ಊಟಕ್ಕೆ ಸೇರಿದಾಗ ಎಲ್ಲರೂ ಬಂದು ಕೂರುವ ತನಕ ಕಾಯಿರಿ’ ಎಂಬ ವಾಕ್ಯದಲ್ಲಿ ಎರಡೂ ಅರ್ಥಗಳಿಗೆ ಸ್ವಲ್ಪ ಸ್ವಲ್ಪ ಜಾಗ ಸಿಗುತ್ತದೆ.

ಈಗ ರೊಟ್ಟಿಯೋ ಅನ್ನವೋ ಎಂಬ ಪ್ರಶ್ನೆಗೆ ಬರುತ್ತೇನೆ. ಒಂದು ಪದವನ್ನು ಹಿಡಿದು ಎಲ್ಲ ಕಡೆ ಅದನ್ನೇ ಹಾಕಲು ಹೊರಟರೆ ಎರಡೂ ಕೈಕೊಡುತ್ತವೆ. ಆಯಾ ಜಾಗದಲ್ಲಿ ಆ ತಿನಿಸು ಯಾವ ಕೆಲಸ ಮಾಡುತ್ತಿದೆ ಎಂದು ನೋಡಬೇಕು. ಹೊಟ್ಟೆಪಾಡು, ಬದುಕಿನ ಆಧಾರ ಎಂಬಷ್ಟೇ ಅರ್ಥವಿದ್ದಲ್ಲಿ ಅನ್ನ ಅಥವಾ ಆಹಾರ ಚೆನ್ನಾಗಿ ಹೊಂದುತ್ತದೆ. ಯೇಸು ಕಲಿಸಿದ ಪ್ರಾರ್ಥನೆಯಲ್ಲಿ ಕನ್ನಡಿಗರು ‘ಅನುದಿನದ ಆಹಾರ’ವನ್ನು ಬೇಡುತ್ತ ಬಂದಿರುವುದು ಹೀಗೆಯೇ. ಕಾರವಾರದಿಂದ ಸ್ವಲ್ಪ ಉತ್ತರಕ್ಕೆ ಹೋದರೆ ಮರಾಠಿಯವರು ಅದೇ ಸಾಲಿನಲ್ಲಿ ರೋಜಿನ ಭಾಕರಿಯನ್ನು ಬೇಡುತ್ತಾರೆ, ಕೊಂಕಣಿಯ ಕ್ರೈಸ್ತರು ‘ದಿಸ್ಪಡ್ತೊ ಗ್ರಾಸ್’ ಎಂದು ದಿನದಿನದ ತುತ್ತನ್ನು ಬೇಡುತ್ತಾರೆ. ಜೀವದ ರೊಟ್ಟಿ ನಾನೇ ಎಂದು ಯೇಸು ಹೇಳುವ ಮಾತನ್ನು ನೋಡಿ: ತಮಿಳು ಮತ್ತು ಮಲಯಾಳಂ ಬೈಬಲುಗಳಲ್ಲಿ ಆತ ಜೀವದ ‘ಅಪ್ಪಂ’ ಎಂಬ ತಿನಿಸಾಗುತ್ತಾನೆ, ಹಳೆಯ ಕೊರಿಯನ್ ಅನುವಾದದಲ್ಲಿ ಅಕ್ಕಿಯ ಕಡುಬಿನಂಥ ‘ತ್ತೊಕ್’ ಆಗುತ್ತಾನೆ, ಜಪಾನಿನಲ್ಲಿ ಪೋರ್ಚುಗೀಸರಿಂದ ಬಂದ ‘ಪಾನ್’ ಆಗುತ್ತಾನೆ. ಕಾರವಾರದ ಬೇಕರಿಯ ಪಾವ್ ಕೂಡ ಅದೇ ಪೋರ್ಚುಗೀಸ್ ಮೂಲದ್ದು. 1919ರ ಚೀನೀ ಅನುವಾದ ಪ್ರಾರ್ಥನೆಯಲ್ಲಿ ದಿನದ ಅನ್ನಪಾನ ಎಂಬರ್ಥದ ಮಾತನ್ನು ಬಳಸಿ, ಮುರಿದು ಹಂಚುವ ಕಡೆ ಬೇರೆ ಪದವನ್ನು ಹಾಕಿದೆ. ಈ ಚೀನೀ ದಾರಿಯೇ ನಿಮಗೂ ಸರಿಯಾದದ್ದು.

ಅನ್ನ ಎಲ್ಲಿ ಸಲ್ಲದು ಎಂಬುದಕ್ಕೆ ಮತ್ತಾಯನಿಂದ ಎರಡು ಉದಾಹರಣೆ ಸಾಕು. 4ನೆಯ ಅಧ್ಯಾಯದಲ್ಲಿ ಸೈತಾನನು ಈ ಕಲ್ಲುಗಳು ರೊಟ್ಟಿಗಳಾಗಲೆಂದು ಹೇಳು ಎನ್ನುತ್ತಾನೆ, 7ನೆಯ ಅಧ್ಯಾಯದಲ್ಲಿ ಮಗ ರೊಟ್ಟಿ ಕೇಳಿದರೆ ತಂದೆ ಕಲ್ಲು ಕೊಡುತ್ತಾನೆಯೇ ಎಂಬ ಪ್ರಶ್ನೆ ಬರುತ್ತದೆ. ಬಿಸಿಲಿನಲ್ಲಿ ಬಿದ್ದ ದುಂಡನೆಯ ಕಲ್ಲು ಆ ನಾಡಿನ ರೊಟ್ಟಿಯಂತೆಯೇ ಕಾಣುತ್ತದೆ ಎಂಬುದರಿಂದಲೇ ಎರಡೂ ಮಾತು ಹುಟ್ಟಿವೆ. ‘ಅನ್ನ ಕೇಳಿದರೆ ಕಲ್ಲು ಕೊಡುತ್ತಾನೆಯೇ’ ಎಂದು ಬರೆದರೆ ನಮ್ಮವರಿಗೆ ಸರಿಯಾಗಿ ಆರಿಸದ ಅಕ್ಕಿ ನೆನಪಾಗುತ್ತದೆ. ಅದೇ ರೀತಿ, ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರ 10:17ರಲ್ಲಿ ರೊಟ್ಟಿ ಒಂದೇ ಆದ್ದರಿಂದ ಅನೇಕರಾದ ನಾವು ಒಂದೇ ದೇಹ ಎಂದಿದೆ. ಅನ್ನಕ್ಕೆ ಒಂದು ಎಂಬ ರೂಪವಿಲ್ಲ, ಮುರಿದು ಹಂಚಲು ಬರುವುದಿಲ್ಲ. ಅಲ್ಲಿ ರೊಟ್ಟಿಯೇ ಇರಬೇಕು. ಇಡೀ ಬೈಬಲು ಕನ್ನಡದಲ್ಲಿ ಮೊದಲು ಬಂದದ್ದು 1831ರಲ್ಲಿ, ಲಂಡನ್ ಮಿಷನರಿ ಸೊಸೈಟಿಯಿಂದ ಬಳ್ಳಾರಿಗೆ ಬಂದು ನೆಲೆಸಿದ ಜಾನ್ ಹ್ಯಾಂಡ್ಸ್ ಮತ್ತು ವಿಲಿಯಂ ರೀವ್ ಅವರ ದುಡಿಮೆಯಿಂದ. ಬಳ್ಳಾರಿ ಜೋಳದ ರೊಟ್ಟಿಯ ಸೀಮೆ. ಅಲ್ಲಿ ರೊಟ್ಟಿ ಮುರಿಯುವುದು ಎಂಬ ಮಾತು ಹೊಸದಾಗಿ ಕೇಳಿಸುವುದೇ ಇಲ್ಲ. ನಮ್ಮ ಕಡೆಯ ಅಕ್ಕಿರೊಟ್ಟಿ ಮೆತ್ತಗಿನದು, ಅದನ್ನು ಹರಿದು ತಿನ್ನುತ್ತೇವೆ. ಆದರೂ ಮುರಿಯುವುದು ಎಂಬ ಕ್ರಿಯಾಪದವನ್ನು ಬಿಡಬೇಡಿ, ಸಭೆಯ ಬಾಯಲ್ಲಿ ಅದು ತಲೆಮಾರುಗಳಿಂದ ನೆಲೆನಿಂತಿದೆ. ಪಕ್ಕದಲ್ಲಿ ‘ಎಲ್ಲರಿಗೂ ಹಂಚಿದನು’ ಎಂಬುದು ಸ್ಪಷ್ಟವಾಗಿ ಬರುವಂತೆ ನೋಡಿಕೊಂಡರೆ ಸಾಕು.

ಹುಳಿಯಿಲ್ಲದ ರೊಟ್ಟಿ ಎಂಬಲ್ಲಿ ಮಾತ್ರ ರೊಟ್ಟಿಯೇ ತೊಡಕು. ನಮ್ಮ ಯಾವ ರೊಟ್ಟಿಗೂ ಹುಳಿ ಬರಿಸುವ ಪದ್ಧತಿಯಿಲ್ಲ, ಆದ್ದರಿಂದ ಹುಳಿಯಿಲ್ಲದ್ದು ಎಂದರೆ ವಿಶೇಷವೇನು ಎಂದು ತಿಳಿಯುವುದಿಲ್ಲ. ಹುಣಸೆಹುಳಿಯ ಮಾತೆಂದು ತಿಳಿದವರನ್ನೂ ಕಂಡಿದ್ದೇನೆ. ನಮ್ಮಲ್ಲಿ ಹುದುಗುವುದು ದೋಸೆ ಇಡ್ಲಿಯ ಹಿಟ್ಟು, ಕ್ರೈಸ್ತರ ಮನೆಗಳಲ್ಲಿ ಕಳ್ಳು ಹಾಕಿ ಉಬ್ಬಿಸುವ ಸಾನ್ನಾ. ವಿಮೋಚನಕಾಂಡದ 12ನೆಯ ಅಧ್ಯಾಯದಲ್ಲಿ ಜನ ಐಗುಪ್ತದಿಂದ ಅವಸರದಲ್ಲಿ ಹೊರಟರು, ನಾದಿದ ಹಿಟ್ಟು ಹುಳಿ ಬರುವಷ್ಟು ಹೊತ್ತಿರಲಿಲ್ಲ. ಮೊದಲ ಬಾರಿ ಬಂದಾಗ ‘ಹಿಟ್ಟು ಹುದುಗು ಬರುವ ತನಕ ಕಾಯದೆ ಸುಟ್ಟ ರೊಟ್ಟಿ’ ಎಂದು ಬಿಡಿಸಿ ಬರೆಯಿರಿ, ಆಮೇಲೆ ಹುಳಿಯಿಲ್ಲದ ರೊಟ್ಟಿ ಎಂದರೆ ಓದುಗರು ಜೊತೆಗಿರುತ್ತಾರೆ. ರಾತ್ರಿ ಉಳಿದ ಹಳೆಯ ಹಿಟ್ಟನ್ನು ಒಂದು ಹಿಡಿ ಹೊಸದಕ್ಕೆ ಕಲಸುವ ಅಡುಗೆಯವರಿಗೆ, ಸ್ವಲ್ಪ ಹುಳಿಹಿಟ್ಟು ಕಣಕವನ್ನೆಲ್ಲ ಹುಳಿಮಾಡುತ್ತದೆ ಎಂಬ ಪೌಲನ ಮಾತಿಗೆ ಟಿಪ್ಪಣಿಯೇ ಬೇಡ.

ಮೇಜಿನ ಬಗ್ಗೆ ಕೇಳಿದ್ದೀರಿ. ಎತ್ತರದ ಮೇಜು, ಸುತ್ತ ಕುರ್ಚಿ ಎಂಬುದು ಯುರೋಪಿನ ಚಿತ್ರಕಾರರಿಂದ ಬಂದ ಕಲ್ಪನೆ. ಸುವಾರ್ತೆಗಳಲ್ಲಿ ಔತಣದ ಅತಿಥಿಗಳು ಎಡಮೊಳಕೈ ಊರಿ ಒರಗಿರುತ್ತಾರೆ, ಕಾಲು ಹಿಂದಕ್ಕೆ ಚಾಚಿರುತ್ತದೆ. ಹೆಚ್ಚಿನ ಕಡೆ ‘ಊಟಕ್ಕೆ ಕೂತರು’ ಎಂದರೆ ಸಾಕು, ಮಣೆಯ ಮೇಲೆ ಕೂತು ಉಣ್ಣುವ ನಮ್ಮ ಚಿತ್ರ ಕುರ್ಚಿಗಿಂತ ಮೂಲಕ್ಕೆ ಹತ್ತಿರವೇ. ಎರಡು ಕಡೆ ಮಾತ್ರ ಒರಗುವುದನ್ನು ಬಿಡುವಂತಿಲ್ಲ. ಲೂಕನ 7ನೆಯ ಅಧ್ಯಾಯದಲ್ಲಿ ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುವ ಫರಿಸಾಯ ಪಂಥದ ಸೀಮೋನನ ಮನೆಗೆ ಬಂದ ಹೆಂಗಸು ಯೇಸುವಿನ ಹಿಂದೆ, ಕಾಲಬಳಿ ನಿಂತು ಅಳುತ್ತಾಳೆ. ಚಕ್ಕಳಮಕ್ಕಳ ಹಾಕಿ ಕೂತವನ ಹಿಂದೆ ನಿಂತರೆ ಕಾಲು ಸಿಗುವುದಿಲ್ಲ. ಯೋಹಾನನ 13ನೆಯ ಅಧ್ಯಾಯದಲ್ಲಿ ಪ್ರಿಯ ಶಿಷ್ಯನು ಯೇಸುವಿನ ಎದೆಗೆ ಒರಗಿ ಮೆಲ್ಲನೆ ಕೇಳುವುದಕ್ಕೂ ಇದೇ ಭಂಗಿ ಬೇಕು. ಸೀಮೋನನ ಕಥೆಯಲ್ಲಿ ಕಾಲಿಗೆ ನೀರು ಕೊಡಲಿಲ್ಲ ಎಂಬ ದೂರಿಗಂತೂ ವಿವರಣೆಯ ಅಗತ್ಯವೇ ಇಲ್ಲ. ಬಂದವರಿಗೆ ಕೈಕಾಲು ತೊಳೆಯಲು ನೀರು, ಆಸರಿಗೆ ಬೆಲ್ಲ ಕೊಟ್ಟ ಮೇಲೆಯೇ ಮಾತಿಗೆ ಕೂರುವ ಶಿರಸಿಯ ಮನೆಗಳಿಗೆ ಅದು ಎಂಥ ಅವಮಾನವೆಂದು ಗೊತ್ತು.

ಕರುವಿನ ವಿಷಯದಲ್ಲಿ ನಾನು ಸಡಿಲ ಬಿಡುವುದಿಲ್ಲ. ಯೇಸು ಹೇಳಿದ ಕಥೆಯೊಂದರಲ್ಲಿ, ಮನೆ ಬಿಟ್ಟು ತಪ್ಪಿಹೋದ ಕಿರಿಯ ಮಗ ಮರಳಿದಾಗ ತಂದೆ ಕೊಯ್ಯಿಸಿದ್ದು ಕೊಬ್ಬಿಸಿದ ಕರು. ಹಲವು ಓದುಗರ ಮನಸ್ಸು ಅಲ್ಲಿ ನೋಯುತ್ತದೆ ಎಂಬುದು ನಿಜ, ಆ ನೋವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಅದನ್ನು ಆಡಿನ ಮರಿ ಮಾಡಿದರೆ, ಗೆಳೆಯರ ಜೊತೆ ಸಂತೋಷಪಡಲು ನನಗೆ ಒಂದು ಆಡಿನ ಮರಿಯನ್ನೂ ಕೊಡಲಿಲ್ಲವಲ್ಲ ಎಂಬ ಹಿರಿಯ ಮಗನ ಅಳಲು ಅರ್ಥ ಕಳೆದುಕೊಳ್ಳುತ್ತದೆ. ಬೇರೊಂದು ಕಾಲದ, ಬೇರೊಂದು ನಾಡಿನ ಪದ್ಧತಿಯನ್ನು ಇದ್ದಂತೆ ಹೇಳುವುದು ಓದುಗರಿಗೆ ತೋರುವ ಗೌರವ. ಅಳತೆಗಳಲ್ಲೂ ಜಾಗ್ರತೆ ಬೇಕು. ಮಮ್ರೆಯ ಮರಗಳ ಬಳಿ ಅಬ್ರಹಾಮನು ಬಂದವರಿಗೆ ತುತ್ತು ರೊಟ್ಟಿ ತರುತ್ತೇನೆ ಎಂದು ಹೇಳಿ, ಮೂರು ಸೆಯಾ ನಯವಾದ ಹಿಟ್ಟು ನಾದಿಸುತ್ತಾನೆ. ಒಂದು ಸೆಯಾ ಸುಮಾರು 7 ಲೀಟರಿನಷ್ಟು. ಉಚ್ಚಾರ ಹತ್ತಿರವಿದೆಯೆಂದು ಮೂರು ಸೇರು ಎಂದರೆ ಆ ಔತಣ ಕುಗ್ಗಿಹೋಗುತ್ತದೆ, ಸ್ವಲ್ಪವೇ ಇದೆ ಬನ್ನಿ ಎಂದು ಕರೆದು ಮನೆಯದ್ದೆಲ್ಲ ಬಡಿಸುವ ಯಜಮಾನನ ಗುಣ ಮರೆಯಾಗುತ್ತದೆ. ದ್ರಾಕ್ಷಾರಸ ಎಂಬುದು ರೂಢಿಗೆ ಬಂದ ಪದ, ಅದನ್ನೇ ಇಟ್ಟುಕೊಳ್ಳಿ.

ಮೀನಿನ ಒಂದು ಮಾತನ್ನು ಕರಾವಳಿಯವನಾಗಿ ಹೇಳಲೇಬೇಕು. ಯೋಹಾನನ 21ನೆಯ ಅಧ್ಯಾಯದಲ್ಲಿ, ರಾತ್ರಿಯಿಡೀ ಬಲೆ ಬೀಸಿ ಬರಿಗೈಯಲ್ಲಿ ಬಂದ ಶಿಷ್ಯರನ್ನು ದಡದಲ್ಲಿ ನಿಂತವನು ಕೇಳುವ ಪ್ರಶ್ನೆಯಲ್ಲಿ ಮೀನು ಎಂಬ ಸಾಮಾನ್ಯ ಪದವಿಲ್ಲ. ರೊಟ್ಟಿಯ ಜೊತೆ ತಿನ್ನುವ ವ್ಯಂಜನ ಎಂಬರ್ಥದ ಪದವಿದೆ. ಕನ್ನಡ ಇಲ್ಲಿ ಬಹಳ ಉದಾರವಾಗಿದೆ: ‘ಮಕ್ಕಳೇ, ನೆಂಚಿಕೊಳ್ಳಲು ಏನಾದರೂ ಸಿಕ್ಕಿತೇ?’ ಎಂದರೆ ಮುಗಿಯಿತು. ನಸುಕಿನಲ್ಲಿ ದೋಣಿ ಎಳೆದವರಿಗೆ ಗಂಜಿಯ ಜೊತೆ ಸುಟ್ಟ ಬಂಗಡೆ ಎಂದರೇನು ಎಂದು ತಿಳಿದ ಊರಿನಲ್ಲಿ, ಕೆಂಡದ ಮೇಲಿನ ಮೀನು ಮತ್ತು ರೊಟ್ಟಿಯನ್ನು ಅಲಂಕರಿಸಿ ಬರೆಯುವ ಅಗತ್ಯವಿಲ್ಲ. ‘ಬನ್ನಿ, ಊಟ ಮಾಡಿ’ ಎಂಬುದು ಅಲ್ಲಿ ಬೆಳಗಿನ ಊಟದ ಕರೆ. ಬೆಳಗಾಗುತ್ತಿತ್ತೆಂದು ಹಿಂದೆಯೇ ಬಂದಿರುವುದರಿಂದ ಬೇರೆ ಪದ ಹುಡುಕಬೇಕಾಗಿಲ್ಲ.

ಕರ್ತನ ಭೋಜನವನ್ನು ಕಥೋಲಿಕರು ಪರಮ ಪ್ರಸಾದ ಎನ್ನುತ್ತಾರೆ. ಅದು ಸುಂದರವಾದ ಪದ, ಕೃಪೆಯಿಂದ ದೊರೆತದ್ದು ಎಂಬ ಭಾವವನ್ನು ಅಷ್ಟು ಚೆನ್ನಾಗಿ ಹೇಳುವ ಇನ್ನೊಂದು ಪದ ಕನ್ನಡದಲ್ಲಿಲ್ಲ. ಆದರೆ ಪ್ರಸಾದವನ್ನು ಒಬ್ಬೊಬ್ಬರೇ ಕೈಯೊಡ್ಡಿ ಪಡೆದು ಹೋಗಬಹುದು, ಒಟ್ಟಿಗೆ ಕೂರಬೇಕೆಂದಿಲ್ಲ. ಆದ್ದರಿಂದ ಆರಾಧನೆಯ ಮಾತಿನಲ್ಲಿ ಅದಿರಲಿ, ಆ ರಾತ್ರಿಯ ಕಥೆಯನ್ನು ಹೇಳುವಾಗ ಊಟ, ಭೋಜನ ಎಂಬ ಪದಗಳೇ ಇರಲಿ.

ಬರೆದದ್ದನ್ನು ಬೈಬಲು ಓದಿ ಗೊತ್ತಿಲ್ಲದವರೆದುರು ಗಟ್ಟಿಯಾಗಿ ಓದಿ, ಪ್ರಶ್ನೆ ಕೇಳಿ ನೋಡುವುದು ಈ ಕೆಲಸದಲ್ಲಿ ಬಹುಕಾಲದಿಂದ ನಡೆದುಬಂದ ಪರೀಕ್ಷೆ. ‘ಅರ್ಥವಾಯಿತೇ’ ಎಂದು ಕೇಳಬೇಡಿ, ಎಲ್ಲರೂ ಆಯಿತೆನ್ನುತ್ತಾರೆ. ಅಂತಿಯೋಕ್ಯದ ಭಾಗ ಓದಿದ ಮೇಲೆ, ಪೇತ್ರ ಏಕೆ ಬೇರೆ ಕೂತ ಎಂದು ಕೇಳಿ. ಅವನಿಗೆ ಅವರ ಅಡುಗೆ ಹಿಡಿಸಲಿಲ್ಲ ಎಂಬ ಉತ್ತರ ಬಂದರೆ ವಾಕ್ಯವನ್ನು ಮತ್ತೆ ಬರೆಯಬೇಕು. ಬಂದವರು ನೋಡಿ ಏನೆಂದಾರೋ ಎಂದು ಹೆದರಿದ ಎಂಬ ಉತ್ತರ ಬಂದರೆ ಮುಂದಿನ ಭಾಗಕ್ಕೆ ಹೋಗಿ.